ಬೇಟೆಗಾರರು ಹಳೇ ತೋಟಾವನ್ನೇ ಯಾಕೆ ನೆಚ್ಚುತ್ತಾರೆ

ಬೇಟೆಗಾರರ ಜೊತೆ ಕೂತು ಮಾತಾಡುವಾಗಲೆಲ್ಲ ಒಂದು ವಿಷಯ ನನ್ನ ತಲೆ ಕೊರೆಯುತ್ತದೆ. ಕೋವಿಯ ಬಗ್ಗೆ ಕೇಳಿದರೆ ನಳಿಗೆಯ ಉದ್ದ, ತೂಕ, ಮೇಲೆ ಕೂರಿಸಿದ ಸ್ಕೋಪು ಅಂತ ಉದ್ದಕ್ಕೆ ವಿವರಿಸುತ್ತಾರೆ. ತೋಟಾ ಯಾವುದು ಅಂತ ಕೇಳಿದ ಕೂಡಲೇ ಮಾತು ಚಿಕ್ಕದಾಗಿಬಿಡುತ್ತದೆ. ".30-06. ಒಂದು ದಿನವೂ ಕೈಕೊಟ್ಟಿಲ್ಲ." ಇನ್ನೊಬ್ಬರು 6.5×55 ಅನ್ನುತ್ತಾರೆ, ಮತ್ತೊಬ್ಬರು .303 ಅನ್ನುತ್ತಾರೆ, ಆದರೆ ಮುಂದಿನ ವಾಕ್ಯ ಮಾತ್ರ ಎಲ್ಲರದ್ದೂ ಒಂದೇ. ಇವೆಲ್ಲ ಗುಂಡಿನ ದಪ್ಪದ ಅಳತೆಯಿಂದ ಹೆಸರು ಪಡೆದ, ನೂರು ವರ್ಷ ದಾಟಿದ ತೋಟಾಗಳು. .303 ಹುಟ್ಟಿದ್ದು 1888ರಲ್ಲಿ, 6.5×55 ಬಂದದ್ದು 1894ರಲ್ಲಿ, .30-06ರ ಹೆಸರಿನಲ್ಲೇ 1906 ಇದೆ. ವೇಗ ನೋಡಿ, ಹೊಡೆತದ ಶಕ್ತಿ ನೋಡಿ, ಗುಂಡು ಎಷ್ಟು ನೇರಕ್ಕೆ ಹೋಗುತ್ತದೆ ಅಂತ ನೋಡಿ, ಯಾವ ಪಟ್ಟಿ ತೆಗೆದರೂ ಇವುಗಳನ್ನು ಮೀರಿಸುವ ತೋಟಾಗಳು ಆಮೇಲೆ ಹತ್ತಾರು ಬಂದಿವೆ. ಆ ಪಟ್ಟಿ ಇವರಿಗೂ ಬಾಯಿಪಾಠ. ಆದರೂ ಹಳೆಯದನ್ನು ಬಿಡುವುದಿಲ್ಲ.

ಹಳೆಯದರ ಮೇಲಿನ ಮೋಹ ಅಂತ ಇದನ್ನು ತಳ್ಳಿಹಾಕುವವರಿದ್ದಾರೆ. ಅಪ್ಪನ ಕೋವಿ, ಅಜ್ಜನ ಕೋವಿ ಅನ್ನುವ ಭಾವುಕತೆಯೂ ಅದರಲ್ಲಿ ಸ್ವಲ್ಪ ಇದ್ದೀತು. ಆದರೆ ಭಾವುಕತೆಯಿಂದ ಜಿಂಕೆ ಬೀಳುವುದಿಲ್ಲ. ಒಂದು ಜೀವವನ್ನು ನರಳಿಸದೆ ಕೊಲ್ಲಬೇಕು ಅನ್ನುವವನು ಒಂದು ವಸ್ತುವನ್ನು ಇಷ್ಟು ನೆಚ್ಚಿದ್ದಾನೆ ಅಂದರೆ ಅದಕ್ಕೆ ಗಟ್ಟಿ ಕಾರಣವಿರಬೇಕು. ಬೇಟೆಯೇ ಬೇಡ ಅನ್ನುವವರ ಜೊತೆ ನನಗೆ ಜಗಳವಿಲ್ಲ, ಅವರ ಮಾತಿಗೆ ತೂಕವಿದೆ. ಆದರೆ ನಾನಿರುವ ಕಡೆ ಬೇಟೆಗೆ ಪರವಾನಗಿ ಇದೆ, ಋತು ಇದೆ, ಮಿತಿ ಇದೆ. ಬೇಟೆ ಹೇಗೂ ನಡೆಯುತ್ತದೆ ಎಂದಮೇಲೆ ಅದು ಹೇಗೆ ನಡೆಯಬೇಕು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಈ ಬರಹದಲ್ಲಿ ನಾನು ಹಿಡಿದುಕೊಂಡಿರುವುದು 7×57 ಮೌಸರ್ ಅನ್ನುವ ಒಂದೇ ತೋಟಾವನ್ನು. ನಾನು ಹತ್ತಿರದಿಂದ ನೋಡಿರುವುದು ಅದನ್ನೇ.

ಉದ್ದನೆಯ ಗುಂಡು, ಸಾಕಷ್ಟು ವೇಗ

ಜರ್ಮನಿಯ ಮೌಸರ್ ಕಾರ್ಖಾನೆ 1892ರಲ್ಲಿ ಇದನ್ನು ರೂಪಿಸಿತು. ಕೇಸಿನ, ಅಂದರೆ ಮದ್ದು ತುಂಬುವ ಹಿತ್ತಾಳೆಯ ಕೊಳವೆಯ ಉದ್ದ 57 ಮಿಲಿಮೀಟರ್, ಗುಂಡಿನ ದಪ್ಪ ಏಳು ಮಿಲಿಮೀಟರಿಗೆ ಒಂದಿಷ್ಟು ಹೆಚ್ಚು. ಹೊಗೆಯಿಲ್ಲದ ಮದ್ದು ಬಂದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಮೊದಲಿನ ಗುಂಡು ಮೊಂಡು ಮೂತಿಯದು, 173 ಗ್ರೇನ್ ತೂಕದ್ದು, ಅಂದರೆ 11 ಗ್ರಾಂ ಚಿಲ್ಲರೆ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 700 ಮೀಟರ್. ಇವತ್ತಿನ ಲೆಕ್ಕದಲ್ಲಿ ಇದು ಮಂದಗತಿ. ಆದರೆ ಗುಂಡು ತೆಳ್ಳಗೆ, ಉದ್ದಕ್ಕೆ, ಭಾರವಾಗಿತ್ತು. ಅಂಥ ಗುಂಡು ಮಾಂಸಕ್ಕೋ ಮೂಳೆಗೋ ತಗುಲಿದಾಗ ಪಕ್ಕಕ್ಕೆ ಹೊರಳದೆ ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಉದ್ದದ ಗುಂಡು ಗಾಳಿಯಲ್ಲಿ ತೂರಾಡದೆ ಹೋಗಬೇಕಾದರೆ ಅದು ಜೋರಾಗಿ ತಿರುಗಬೇಕು. ಅದಕ್ಕೇ ನಳಿಗೆಯ ಒಳಗಿನ ಸುರುಳಿಯನ್ನು 220 ಮಿಲಿಮೀಟರಿಗೆ ಒಂದು ಸುತ್ತು ಬರುವಂತೆ ಬಿಗಿಯಾಗಿ ಕೊರೆದರು. ಈ ಸುರುಳಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ಹುಟ್ಟಿದ್ದು ಯುದ್ಧಕ್ಕೆ ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. 1898ರಲ್ಲಿ ಕ್ಯೂಬಾದ ಸ್ಯಾನ್ ವಾನ್ ಗುಡ್ಡದಲ್ಲಿ ಕೆಲವೇ ನೂರು ಸ್ಪೇನ್ ಸೈನಿಕರು ಇದೇ ತೋಟಾ ಹಿಡಿದು, ಗುಡ್ಡ ಕೈತಪ್ಪುವ ಮುನ್ನ ಸಾವಿರಾರು ಅಮೆರಿಕನ್ನರನ್ನು ಗಂಟೆಗಟ್ಟಲೆ ತಡೆದಿದ್ದರು. ಮರುವರ್ಷ ಶುರುವಾದ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಬ್ರಿಟಿಷರ ಎದುರು ನಿಂತ ಡಚ್ ಮೂಲದ ಬೋಯರರ ಕೈಯಲ್ಲೂ ಇದೇ ಇತ್ತು. ಏಟು ತಿಂದ ಅಮೆರಿಕ ಮೌಸರ್ ಮಾದರಿಯನ್ನೇ ಮುಂದಿಟ್ಟುಕೊಂಡು 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ಮಾಡಿಕೊಂಡಿತು, ಪೇಟೆಂಟಿಗಾಗಿ ಮೌಸರ್ ಕಂಪನಿಗೆ ಹಣವನ್ನೂ ಕಟ್ಟಿತು. ಆ ರೈಫಲ್ಲಿನ ತೋಟಾವೇ ಮೂರು ವರ್ಷದ ನಂತರ ಚೂಪು ಮೂತಿಯ ಗುಂಡು ಪಡೆದು .30-06 ಆಯಿತು. ಇವತ್ತಿಗೂ 7×57, .30-06, .270, .308, ಮೊನ್ನೆ 2007ರಲ್ಲಿ ಬಂದ 6.5 ಕ್ರೀಡ್‌ಮೋರ್, ಎಲ್ಲದರ ತಳವೂ ಒಂದೇ ಅಳತೆಯದು, 12 ಮಿಲಿಮೀಟರ್. ಹೊಸತು ಅಂತ ಮಾರುವ ಡಬ್ಬಿ ತೆರೆದು ತೋಟಾವನ್ನು ಬುಡ ಮೇಲಾಗಿ ಹಿಡಿದರೆ ಕಾಣುವುದು ಮೌಸರನ ಕಾಲದ ಅದೇ ವೃತ್ತ.

ಖಾಲಿ ತೋಟಾದ ಸದ್ದು

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಬೇಟೆಗಾರರ ಬಳಿ. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಒಂದು ಮಧ್ಯಾಹ್ನ ಗುರಿ ಅಭ್ಯಾಸದ ರೇಂಜಿನಲ್ಲಿ ನಮ್ಮ ಪಕ್ಕದ ಬೆಂಚಿಗೆ ಕಟ್ಟುಮಸ್ತಾದ ಹುಡುಗನೊಬ್ಬ ಬಂದು ಕೂತ. ಕೈಯಲ್ಲಿ ಹೊಸ .300 ವಿಂಚೆಸ್ಟರ್ ಮ್ಯಾಗ್ನಮ್, ಮದ್ದು ಹೆಚ್ಚು ತುಂಬುವ ಜೋರಿನ ತೋಟಾದ ಕೋವಿ. ಮರಳು ಚೀಲದ ಮೇಲೆ ಕೋವಿ ಊರಿ ಹೊಡೆದ. ಕಾಗದದಲ್ಲಿ ತೂತುಗಳು ಚೆಲ್ಲಾಪಿಲ್ಲಿ. ಸ್ಕೋಪಿನ ತಿರುಪು ತಿರುಗಿಸಿ ಮತ್ತೆ ಹೊಡೆದ, ಈ ಸಲ ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಸ್ಕೋಪೇ ಸರಿಯಿಲ್ಲ ಅಂತ ಗೊಣಗತೊಡಗಿದ. ಯಜಮಾನರು ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು. "ತೋಟಾ ನಾನು ತುಂಬಿಕೊಡ್ತೀನಪ್ಪ. ನೀನು ಆ ಕಡೆ ತಿರುಗಿಕೊಂಡಿರು. ಕೊಟ್ಟಾಗ ಹೊಡಿ, ಅಷ್ಟೇ" ಅಂದರು. ಹುಡುಗ ಒಪ್ಪಿದ. ಎರಡು ಸಲ ನಿಜವಾದ ತೋಟಾ ತುಂಬಿದರು. ಮೂರನೆಯ ಸಲ ಜೇಬಿನಿಂದ ತೆಗೆದದ್ದು ಮದ್ದಿಲ್ಲದ, ಕೇಪಿಲ್ಲದ ಬರಿಯ ಹಿತ್ತಾಳೆ.

ಹುಡುಗ ಗುರಿ ಹಿಡಿದು ಟ್ರಿಗರ್ ಎಳೆದ. ಟಕ್ ಅನ್ನುವ ಸಣ್ಣ ಸದ್ದು. ಅದರ ಜೊತೆಗೇ ನಳಿಗೆಯ ಮೂತಿ ನಾಲ್ಕು ಬೆರಳಿನಷ್ಟು ಕೆಳಗೆ ಕುಸಿಯಿತು, ಭುಜ ಮುಂದಕ್ಕೆ ನುಗ್ಗಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಒದೆತವೇ ಇರಲಿಲ್ಲ. ಬರಲಿರುವ ಒದೆತಕ್ಕೆ ಮೈ ಮೊದಲೇ ಎದುರೇಟು ಕೊಟ್ಟಿತ್ತು. ಪ್ರತಿ ಹೊಡೆತದಲ್ಲೂ ಇದೇ ನಡೆಯುತ್ತಿತ್ತು, ಆದರೆ ಢಂ ಅನ್ನುವ ಸದ್ದಿನಲ್ಲಿ, ಕೋವಿಯ ಜಿಗಿತದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ, ಅವನಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗ ಮೊದಲು ಕೋವಿಯನ್ನು ನೋಡಿದ, ಆಮೇಲೆ ಯಜಮಾನರ ಮುಖ ನೋಡಿದ. ಯಾರೂ ನಗಲಿಲ್ಲ. ಇದು ಹೇಡಿತನವಲ್ಲ, ಯಾವ ಮೈಯಾದರೂ ಹೀಗೇ ಕಲಿಯುತ್ತದೆ ಅಂತ ಯಜಮಾನರು ಅವನಿಗೆ ಹೇಳಿ ತಮ್ಮ 7×57 ಕೈಗಿತ್ತರು. ಅದರಲ್ಲೂ ಮೊದಮೊದಲು ಮೂತಿ ಕುಸಿಯಿತು. ಮೈಗೆ ಹಳೆಯ ಪಾಠ ಮರೆಯಲು ಹೊತ್ತು ಬೇಕು. ನಿಜದ ತೋಟಾದ ನಡುವೆ ಖಾಲಿಯದನ್ನು ಸೇರಿಸುತ್ತಾ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಟಕ್ ಅಂದಾಗ ಮೂತಿ ಇದ್ದಲ್ಲೇ ನಿಂತಿತು. ಆಮೇಲಿನ ತೂತುಗಳು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು.

ಒಂದೇ ತೂಕದ ಕೋವಿಗಳನ್ನು ಹೋಲಿಸಿದರೆ 7×57ರ ಒದೆತ .30-06ರದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. .300 ವಿಂಚೆಸ್ಟರ್ ಮ್ಯಾಗ್ನಮ್ ಇದರ ಹತ್ತಿರ ಹತ್ತಿರ ಎರಡರಷ್ಟು ಒದೆಯುತ್ತದೆ. ಪಟ್ಟಿಯಲ್ಲಿ ಮ್ಯಾಗ್ನಮ್ಮಿನ ಶಕ್ತಿ ಎದ್ದು ಕಾಣುತ್ತದೆ. ಆ ಶಕ್ತಿಗೆ ಹೆದರಿ ಕಣ್ಣು ಮುಚ್ಚುವ ಮೈಗೆ ಪಟ್ಟಿಯಲ್ಲಿ ಅಂಕಣವಿಲ್ಲ. ಅಮೆರಿಕದ ಹೆಸರಾಂತ ಬೇಟೆ ಬರಹಗಾರ ಜ್ಯಾಕ್ ಓ'ಕಾನರ್ ಜೀವಮಾನವೆಲ್ಲ .270ರ ಗುಣಗಾನ ಮಾಡಿದರು, ಆದರೆ ಅವರ ಪತ್ನಿ ಎಲೀನರ್ ಬೆನ್ನಿಗೇರಿಸಿ ಹೊರಡುತ್ತಿದ್ದದ್ದು 7×57ನ್ನು. ಆಕೆಯ ಗುರಿಯನ್ನು ಗಂಡನೇ ಮೆಚ್ಚಿ ಬರೆದಿದ್ದಾರೆ. ಇದನ್ನು ಹೆಂಗಸರ ತೋಟಾ, ಮಕ್ಕಳ ತೋಟಾ ಅಂತ ಹಗುರ ಮಾಡುವವರ ಮಾತು ನನಗೆ ಸೇರುವುದಿಲ್ಲ. ಗುಂಡು ಸರಿಯಾದ ಜಾಗಕ್ಕೆ ಹೋಗಿ ಮುಟ್ಟಿತೋ ಇಲ್ಲವೋ ಅನ್ನುವುದೊಂದೇ ಜಿಂಕೆಗೆ ಸಂಬಂಧಿಸಿದ ವಿಷಯ.

ಮುರಿದ ಕೋರೆಹಲ್ಲು

ಸರಿಯಾದ ಜಾಗಕ್ಕೆ ಹೋಗದ ಗುಂಡಿನ ಕತೆ ನಮಗೆಲ್ಲ ಗೊತ್ತಿರುವುದೇ. 1907ರಲ್ಲಿ ಕುಮಾವೂಂನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ ಹೊಡೆದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು ಅಂತ ಲೆಕ್ಕ. ಸತ್ತ ಮೇಲೆ ಅದರ ಬಾಯಿ ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ದವಡೆಯ ಮೂಳೆಯವರೆಗೆ. ಯಾವಾಗಲೋ ಯಾರೋ ಹೊಡೆದ ಗುಂಡಿನ ಗಾಯ ಅದು, ಆ ಗಾಯದಿಂದಾಗಿಯೇ ಹುಲಿ ತನ್ನ ಸಹಜ ಬೇಟೆ ಬಿಟ್ಟು ಮನುಷ್ಯರನ್ನು ಹಿಡಿಯಿತು ಅಂತ ಕಾರ್ಬೆಟ್ ಬರೆದಿದ್ದಾರೆ. ಆ ಗುಂಡು ಹೊಡೆದವನು ಯಾರು, ಯಾವ ತೋಟಾ, ಎಷ್ಟು ದೂರದಿಂದ ಅಂತ ಯಾರೂ ಕೇಳಲಿಲ್ಲ. ಅವನು ಅವತ್ತು ಗುರಿ ತಪ್ಪಿತು ಅಂದುಕೊಂಡು ಮನೆಗೆ ಹೋಗಿ ಉಂಡು ಮಲಗಿರಬಹುದು. ಆ ಗಾಯದ ಬೆಲೆಯನ್ನು ಎಷ್ಟೋ ಹಳ್ಳಿಗಳು ಕೊಟ್ಟವು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಹುಲಿಯನ್ನು ಕೊಂದದ್ದಕ್ಕೆ ಯುನೈಟೆಡ್ ಪ್ರಾವಿನ್ಸಸ್‌ನ ಲೆಫ್ಟಿನೆಂಟ್ ಗವರ್ನರ್ ಜೆ. ಪಿ. ಹ್ಯೂಯೆಟ್ ಕಾರ್ಬೆಟ್ಟರಿಗೆ ಒಂದು ರೈಫಲ್ ಉಡುಗೊರೆ ಕೊಟ್ಟರು. ಲಂಡನ್ನಿನ ರಿಗ್ಬಿ ಕಂಪನಿ ಮಾಡಿದ .275. ಅಂದರೆ ಇದೇ 7×57, ಇಂಗ್ಲಿಷ್ ಅಳತೆಯ ಹೆಸರಿನಲ್ಲಿ. ಮುಂದೆ ದೊಡ್ಡ ಜೋಡುನಳಿಗೆ ಕೋವಿಗಳೂ ಅವರ ಕೈಯಲ್ಲಿದ್ದವು, ಆದರೂ ಹಗುರವಾದ ಈ ರೈಫಲನ್ನು ಅವರು ಬಿಡಲಿಲ್ಲ. 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಯನ್ನು 1926ರ ಮೇ ತಿಂಗಳ ಒಂದು ರಾತ್ರಿ ಮಾವಿನ ಮರದ ಮೇಲೆ ಮರಸು ಕೂತು ಹೊಡೆದದ್ದು ಇದರಲ್ಲೇ. ಕತ್ತಲು, ಟಾರ್ಚಿನ ಬೆಳಕು, ಒಂದೇ ಒಂದು ಗುಂಡಿಗೆ ಅವಕಾಶ. ಅಂಥ ಗಳಿಗೆಯಲ್ಲಿ ಕೋವಿಯ ಬಗ್ಗೆ ಯೋಚಿಸುವಂತಿರಬಾರದು. ಕೋವಿ ಭುಜಕ್ಕೆ ಬಂದಾಗ ಉಳಿದದ್ದೆಲ್ಲ ತನ್ನಷ್ಟಕ್ಕೆ ಆಗಬೇಕು. ನೆಚ್ಚಿಕೆ ಅಂದರೆ ನಾನು ತಿಳಿದುಕೊಂಡಿರುವುದು ಇದನ್ನೇ.

ಇದೇ ತೋಟಾದ ಹೆಸರಿಗೆ ಅಂಟಿಕೊಂಡ ಇನ್ನೊಬ್ಬ ಮನುಷ್ಯನಿದ್ದಾನೆ, ಅವನನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆಯಾಗುತ್ತದೆ. ಡಬ್ಲ್ಯೂ. ಡಿ. ಎಂ. ಬೆಲ್. ಆಫ್ರಿಕಾದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು, ಅವುಗಳಲ್ಲಿ ಬಹುಪಾಲು 7×57ರಿಂದಲೇ. ಆ ಸಂಖ್ಯೆಯಲ್ಲಿ ನನಗೆ ಸಂಕಟ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಬೇಟೆಗಾರರ ಕೂಟದಲ್ಲಿ ಅವನ ಕತೆಯನ್ನು ಚಿಕ್ಕ ತೋಟಾದ ಪವಾಡ ಅನ್ನುವಂತೆ ಹೇಳುತ್ತಾರೆ, ಅದು ಅರ್ಧ ಸತ್ಯ. ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಕೊಯ್ದು ಮಿದುಳು ಎಲ್ಲಿದೆ, ಯಾವ ಕೋನದಿಂದ ಹೇಗೆ ತಲುಪಬಹುದು ಅಂತ ಅಭ್ಯಾಸ ಮಾಡಿದ್ದ. ಮೈಗೆ ತಗುಲಿದಾಗ ಮೂತಿ ಅರಳಿ ಹರಡದ, ಪೂರ್ತಿ ಲೋಹದ ಹೊದಿಕೆಯ ಉದ್ದನೆಯ ಗುಂಡನ್ನೇ ಬಳಸುತ್ತಿದ್ದ. ಆ ಅಭ್ಯಾಸವಿಲ್ಲದವನ ಕೈಯಲ್ಲಿ ಅದೇ ತೋಟಾ ಆನೆಯನ್ನು ಗಾಯಗೊಳಿಸುತ್ತದೆ ಅಷ್ಟೇ. ಆನೆ, ಕಾಡೆಮ್ಮೆಯಂಥ ಪ್ರಾಣಿಗಳಿಗೆ .375ಕ್ಕಿಂತ ಚಿಕ್ಕದನ್ನು ಬಳಸಕೂಡದು ಅಂತ ಆಫ್ರಿಕಾದ ಹಲವು ದೇಶಗಳು ಈಗ ಕಾನೂನು ಮಾಡಿರುವುದು ಸರಿಯಾಗಿಯೇ ಇದೆ.

ಕೆಳಗಿಳಿದ ಕೋವಿ

ಯಜಮಾನರ ಕೋವಿಯ ಲೆಕ್ಕ ಸರಳ. 140 ಗ್ರೇನಿನ ಗುಂಡು. 200 ಗಜಕ್ಕೆ ಗುರಿ ಹೊಂದಿಸಿದ್ದಾರೆ. 100 ಗಜದಲ್ಲಿ ಗುಂಡು ಎರಡು ಇಂಚು ಮೇಲಕ್ಕೆ ಬೀಳುತ್ತದೆ, 300 ಗಜದಲ್ಲಿ ಸುಮಾರು ಒಂದು ಗೇಣು ಕೆಳಕ್ಕೆ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗವೂ ಹೆಚ್ಚುಕಡಿಮೆ ಒಂದು ಗೇಣು ಅಗಲ. ಹಾಗಾಗಿ 200 ಗಜದ ಒಳಗೆ ಅವರು ಲೆಕ್ಕ ಹಾಕುವುದೇ ಇಲ್ಲ. ಅದರಾಚೆ ಹೊಡೆಯುವುದೂ ಇಲ್ಲ.

ಒಂದು ಬೆಳಿಗ್ಗೆ ಅವರ ಜೊತೆ ಬಯಲಿನ ಅಂಚಿನಲ್ಲಿ ಕೂತಿದ್ದೆ. ನೆಲದ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಆಚೆ ಬದಿಯ ಮರಗಳ ನಡುವಿನಿಂದ ಒಂದು ಗಂಡು ಜಿಂಕೆ ಹೊರಗೆ ಬಂತು. ಕೊಂಬು ಎಷ್ಟು ಅಗಲ ಅಂದರೆ ನಾನು ಉಸಿರು ಬಿಗಿಹಿಡಿದೆ. ದೂರ ಹೆಚ್ಚಿತ್ತು, 300 ಗಜದ ಮೇಲೆಯೇ. ಅದೂ ಓರೆಯಾಗಿ, ಹಿಂಭಾಗ ನಮ್ಮ ಕಡೆಗೆ ಮಾಡಿ ನಿಂತಿತ್ತು. ಹೊಡೆದರೆ ಗುಂಡು ಹೊಟ್ಟೆಯನ್ನು ಹಾದು ಎದೆಗೆ ಹೋಗಬೇಕು. ಯಜಮಾನರು ಕೋವಿ ಎತ್ತಿ ಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಅವರ ಬೆರಳು ಟ್ರಿಗರಿನ ಹೊರಗೇ, ಮರದ ಮೇಲೆ ಚಾಚಿಕೊಂಡಿತ್ತು. ಜಿಂಕೆ ತಲೆಯೆತ್ತಿತು, ಬಗ್ಗಿಸಿತು, ನಾಲ್ಕು ಹೆಜ್ಜೆ ಹಾಕಿತು, ಮತ್ತೆ ಅದೇ ಓರೆ. ಅವರು ಕೋವಿ ಇಳಿಸಿ ಮೊಣಕಾಲ ಮೇಲಿಟ್ಟುಕೊಂಡರು. ಜಿಂಕೆ ಮರಗಳೊಳಗೆ ಹೋಯಿತು. "ಇದರಲ್ಲಿ ಆಗಲ್ಲ ಅಂತ ಗೊತ್ತು. ಗೊತ್ತಿದ್ದ ಮೇಲೆ ಮುಗಿಯಿತಲ್ಲ" ಅಂದರು.

ಅಲ್ಲಿ ಕೂತಿದ್ದಾಗ ನನಗೆ ಹೊಳೆದದ್ದೇ ಈ ಬರಹ. ಹೊಸ ತೋಟಾಗಳು ಮಾರಾಟವಾಗುವುದು ಇನ್ನೂ ದೂರಕ್ಕೆ ಹೊಡೆಯಬಹುದು ಅನ್ನುವ ಭರವಸೆಯ ಮೇಲೆ. ಆ ಭರವಸೆಗೆ ಎಲ್ಲೆ ಎಲ್ಲಿ ಅಂತ ಕೊಂಡವನಿಗೆ ತಿಳಿಯದು. 400 ಆಗುತ್ತದಾ, 500 ಆಗುತ್ತದಾ ಅಂತ ಅವನು ಕಂಡುಕೊಳ್ಳುವುದು ಬದುಕಿರುವ ಪ್ರಾಣಿಯ ಮೇಲೆ. ಹಳೆಯ ತೋಟಾದ ಎಲ್ಲೆ ಅದನ್ನು ಹಿಡಿದವನಿಗೆ ತನ್ನ ಮನೆಯ ಅಂಗಳದಷ್ಟು ಪರಿಚಿತ, ಕಣ್ಣು ಕಟ್ಟಿ ಬಿಟ್ಟರೂ ಅಂಚಿನಲ್ಲಿ ನಿಲ್ಲುತ್ತಾನೆ. "ಎಂದೂ ಕೈಕೊಟ್ಟಿಲ್ಲ" ಅನ್ನುವ ಮಾತಿನಲ್ಲಿ ಹೇಳದೆ ಉಳಿದ ಅರ್ಧ ಇದೆ. ಅದರಿಂದ ಆಗದ್ದನ್ನು ನಾನು ಎಂದೂ ಕೇಳಿಲ್ಲ ಅನ್ನುವುದು ಆ ಅರ್ಧ.

ಅದೇ ಋತುವಿನಲ್ಲಿ ಇನ್ನೊಂದು ದಿನ ಅವರು ಹೊಡೆದರು. 100 ಗಜವೂ ಇರಲಿಲ್ಲ, ಜಿಂಕೆ ಪೂರ್ತಿ ಅಡ್ಡವಾಗಿ ನಿಂತಿತ್ತು. ಗುಂಡು ತಗುಲಿದ್ದು ನನಗೂ ಕೇಳಿಸಿತು, ಆದರೆ ಜಿಂಕೆ ಜಿಗಿದು ಪೊದೆಯೊಳಗೆ ಓಡಿತು. ನಾನು ಎದ್ದೆ. ಅವರು ತೋಳು ಹಿಡಿದು ಕೂರಿಸಿದರು. ಅರ್ಧ ಗಂಟೆ ಅಲುಗಾಡಲು ಬಿಡಲಿಲ್ಲ. ಗಾಯಗೊಂಡದ್ದನ್ನು ಅಟ್ಟಿದರೆ ಅದು ಮತ್ತಷ್ಟು ದೂರ ಓಡುತ್ತದೆ, ಬಿಟ್ಟರೆ ಮಲಗುತ್ತದೆ. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋಗಿ ಮಂಡಿಯೂರಿದರು. ಕತ್ತರಿಸಿದ ಒಂದು ಚಿಟಿಕೆ ಕೂದಲು, ಅದರಾಚೆ ಎಲೆಯ ಮೇಲೆ ರಕ್ತ. ತಿಳಿಗುಲಾಬಿ ಬಣ್ಣ, ಸಣ್ಣ ಸಣ್ಣ ನೊರೆ. ಶ್ವಾಸಕೋಶದ ರಕ್ತ ಅಂದರು. ಗಾಢ ಕೆಂಪಿದ್ದರೆ ಪಿತ್ತಜನಕಾಂಗ, ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ, ಆಗ ಗಂಟೆಗಟ್ಟಲೆ. ನೊರೆಯ ಜಾಡು ಹಿಡಿದು ಹೋದರೆ ಕಣ್ಣಳತೆಯ ದೂರದಲ್ಲೇ ಜಿಂಕೆ ಬಿದ್ದಿತ್ತು. ಅಷ್ಟು ಓಡಲು ಅದಕ್ಕೆ ಕೆಲವೇ ಸೆಕೆಂಡು ಹಿಡಿದಿರಬೇಕು. ಗುಂಡು ಒಂದು ಪಕ್ಕೆಯಿಂದ ಹೊಕ್ಕು ಇನ್ನೊಂದು ಪಕ್ಕೆಯಿಂದ ಹೊರಗೆ ಹೋಗಿತ್ತು, ಮಾಂಸ ಹಾಳಾದದ್ದು ತೀರಾ ಕಡಿಮೆ. ಯಜಮಾನರು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಾಕು ತೆಗೆದರು.

ಸೀಸದಿಂದ ತಾಮ್ರಕ್ಕೆ

7×57 ಈಗ ಅಂಗಡಿಗಳಿಂದ ಹಿಂದೆ ಸರಿಯುತ್ತಿದೆ. .30-06, .308 ಎಲ್ಲಿ ಹೋದರೂ ಸಿಗುತ್ತವೆ, ಇದು ಹುಡುಕಬೇಕು. ಹಳೆಯ ಕೋವಿಗಳು ಹೆಚ್ಚು ಒತ್ತಡ ತಾಳಲಾರವು ಅಂತ ಅಮೆರಿಕದ ಕಂಪನಿಗಳು ಮದ್ದನ್ನೂ ಹಿಡಿದು ಹಿಡಿದು ತುಂಬುತ್ತವೆ. 1980ರಲ್ಲಿ ಬಂದ 7ಎಂಎಂ-08 ರೆಮಿಂಗ್ಟನ್ ಇದೇ ಕೆಲಸವನ್ನು ಇನ್ನೂ ಗಿಡ್ಡ ಕೇಸಿನಲ್ಲಿ ಮಾಡುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಅದನ್ನೇ. ನೆಚ್ಚಿಕೆ ಹುಟ್ಟಬೇಕಾದದ್ದು ಅವರವರ ಅಭ್ಯಾಸದಿಂದ, ಇನ್ನೊಬ್ಬರ ಹಳೆಯ ಕೋವಿಯನ್ನು ಪೂಜಿಸುವುದರಿಂದ ಅಲ್ಲ. 7×57 ಉಳಿದುಕೊಂಡಿರುವುದು ಹೆಚ್ಚಾಗಿ ತಾವೇ ತೋಟಾ ತುಂಬಿಕೊಳ್ಳುವವರ ಮನೆಗಳಲ್ಲಿ. ಯಜಮಾನರು ಖಾಲಿ ಕೇಸನ್ನು ಕಾಡಿನಲ್ಲಿ ಬಿಡುವುದಿಲ್ಲ. ತಂದು ತೊಳೆದು, ಅಚ್ಚಿಗೆ ಹಾಕಿ ಮೊದಲಿನ ಅಳತೆಗೆ ತಂದು, ಕತ್ತು ಉದ್ದವಾಗಿದ್ದರೆ ಕತ್ತರಿಸಿ, ಬುಡದ ಹತ್ತಿರ ಹೊಳೆಯುವ ಗೆರೆಯೇನಾದರೂ ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ. ಗೆರೆ ಕಂಡರೆ ಆ ಹಿತ್ತಾಳೆ ಸೋತಿದೆ ಅಂತ ಅರ್ಥ, ಅದು ಪಕ್ಕಕ್ಕೆ.

ಈಗ ಅವರು ತಲೆ ಕೆಡಿಸಿಕೊಂಡಿರುವುದು ಗುಂಡಿನ ಲೋಹದ ಬಗ್ಗೆ. ಸೀಸದ ಗುಂಡು ಹೊಡೆದಾಗ ಕಣಕಣವಾಗಿ ಮಾಂಸದಲ್ಲಿ ಚೆದುರುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳುಗಳನ್ನು ತಿಂದ ರಣಹದ್ದು, ಗರುಡಗಳು ಸೀಸದ ವಿಷಕ್ಕೆ ಸಾಯುತ್ತವೆ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ, ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿಗೂ ನಿಷೇಧ ತಂದಿದೆ. ಒಂದೇ ಏಟಿಗೆ ಸಾಯಲಿ ಅಂತ ಜಿಂಕೆಯ ಬಗ್ಗೆ ಇಷ್ಟು ಯೋಚಿಸುವವರು ಹದ್ದಿನ ಬಗ್ಗೆಯೂ ಯೋಚಿಸಲೇಬೇಕು ಅನ್ನುವುದು ಯಜಮಾನರ ಪಟ್ಟು, ನನ್ನದೂ ಅದೇ. ಬದಲಿಗೆ ಇರುವುದು ತಾಮ್ರ. ಅದು ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ಗುಂಡು ಬೇಕಾದರೆ ಉದ್ದ ಮಾಡಬೇಕು. ಉದ್ದದ ಗುಂಡಿಗೆ ಬಿಗಿ ಸುರುಳಿ ಬೇಕು, ಎಷ್ಟೋ ಕೋವಿಗಳಲ್ಲಿ ಅದಿಲ್ಲ. ಮೌಸರ್ ಕಾರ್ಖಾನೆಯವರು ಮೊಂಡು ಮೂತಿಯ ಭಾರದ ಗುಂಡಿಗಾಗಿ ಕೊರೆದ 220 ಮಿಲಿಮೀಟರ್ ಸುರುಳಿ ಇಲ್ಲಿ ಒದಗಿಬಂದಿದೆ. ಯಜಮಾನರ ಹಳೆಯ ನಳಿಗೆ ಉದ್ದನೆಯ ತಾಮ್ರದ ಗುಂಡನ್ನು ಯಾವ ತಕರಾರೂ ಇಲ್ಲದೆ ನೇರಕ್ಕೆ ಕಳಿಸುತ್ತಿದೆ.

ಆದರೂ ಅವರಿಗೆ ಪೂರ್ತಿ ಸಮಾಧಾನವಿಲ್ಲ. ತಾಮ್ರ ಗಟ್ಟಿ. ವೇಗ ಕಡಿಮೆಯಾದರೆ ಅದು ಅರಳದೆ ಸೂಜಿಯಂತೆ ತೂರಿಹೋಗುತ್ತದೆ, ಮತ್ತು 7×57ರ ಬಳಿ ದಾನ ಮಾಡುವಷ್ಟು ವೇಗವಿಲ್ಲ. ಹಾಗಾಗಿ ಹಳೆಯ ಪತ್ರಿಕೆಗಳನ್ನು ನೀರಿನಲ್ಲಿ ನೆನೆಸಿ, ಕಟ್ಟು ಕಟ್ಟಿ, ಬೇರೆ ಬೇರೆ ದೂರದಲ್ಲಿಟ್ಟು ಹೊಡೆಯುತ್ತಿದ್ದಾರೆ. ಒದ್ದೆ ಕಾಗದ ಬಗೆದು ಗುಂಡು ಹೊರತೆಗೆದು, ಅರಳಿದ ದಳಗಳ ಅಗಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. 150 ಗಜದವರೆಗೆ ಚೆನ್ನಾಗಿ ಅರಳಿದೆ. 200ರಲ್ಲಿ ಕೆಲವು ಅರಳಿವೆ, ಕೆಲವು ಅರ್ಧಂಬರ್ಧ. ಹಗುರ ಗುಂಡು ಹಾಕಿ ವೇಗ ಏರಿಸಿ ನೋಡೋಣ ಅಂತ ನಾನಂದೆ. ಅದನ್ನೂ ನೋಡುತ್ತಾರಂತೆ. ಅಷ್ಟರೊಳಗೆ ಋತು ಶುರುವಾದರೆ ತಾಮ್ರವನ್ನೇ ತುಂಬಿಕೊಂಡು ಹೋಗುತ್ತಾರೆ, ಆದರೆ 150 ಗಜದ ಆಚೆ ನಿಂತ ಜಿಂಕೆಗೆ ಕೋವಿ ಎತ್ತುವುದಿಲ್ಲ.